ಬಚ್ಚಲಿಗೆ ಬೆಂಕಿ ಹಾಕದ ಸೊಸೆ

ಬೆಂದದ್ದು ನಾಲ್ಕು ಮೊಟ್ಟೆ. ನಾಲ್ಕೂ ಅಚ್ಚುತನ ಬಟ್ಟಲಿಗೇ ಹೋದವು. ಜೊತೆಗೆ ಉದ್ದು, ಬೆಲ್ಲ, ತುಪ್ಪ ಸೇರಿಸಿ ಕಟ್ಟಿದ ಉಂಡೆ ಎರಡು, ಗಟ್ಟಿ ಹಾಲು ಒಂದು ಲೋಟ, ಹಾಲಿಗೆ ಮೊದಲು ಜೇನು ಬೆರೆಸಿದ ನೀರುಳ್ಳಿ ರಸ ಒಂದು ಚಮಚ. ಇದು ಬೆಳಗಿನದ್ದು ಮಾತ್ರ. ಮಧ್ಯಾಹ್ನಕ್ಕೆ ನುಗ್ಗೆ ಹೂವಿನ ಪಲ್ಯ, ಸಂಜೆಗೆ ಹುರಿದ ಕುಂಬಳಬೀಜ ಬೇರೆ ಕಾದಿದ್ದವು. ಕಡಬದಿಂದ ಉಪ್ಪಿನಂಗಡಿಯವರೆಗೆ ಜೋಡೆತ್ತಿನ ಗಾಡಿ ಹೊಡೆಯುವ ಮೂವತ್ತೆರಡು ವರ್ಷದ ಗಂಡಸು ಮೊಟ್ಟೆಯ ಕಡೆ ನೋಡಿ ಮುಖ ಹುಳಿ ಮಾಡಿದ.

"ಅವ್ವ, ಹೊಟ್ಟೆಯಲ್ಲಿ ಜಾಗ ಇಲ್ಲ."

"ಜಾಗ ಮಾಡ್ಕೋ. ಪಂಡಿತರು ಒಂದು ಮಂಡಲ ಹೇಳಿದ್ದು. ನಲವತ್ತೆಂಟು ದಿನ ಬಿಡದೆ ತಿಂದರೆ ಧಾತು ಗಟ್ಟಿಯಾಗ್ತದೆ" ಎಂದು ದುಗ್ಗಮ್ಮ ಮಗನ ಎದುರಿಗೇ ಕೂತಳು. ಮಗ ಕೊನೆಯ ತುತ್ತು ನುಂಗುವವರೆಗೆ ಏಳುವವಳಲ್ಲ.

ಅಡಿಗೆ ಕೋಣೆಯ ಬಾಗಿಲಲ್ಲಿ ಸೊಸೆ ಕಮಲಾವತಿ ನಿಂತಿದ್ದಳು. ಅವಳ ಪಾಲಿಗೆ ನಿನ್ನೆಯ ಗಂಜಿ, ಒಂದು ಮಾವಿನ ಮಿಡಿ. ಮದುವೆಯಾಗಿ ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅದರಲ್ಲಿ ನಾಲ್ಕು ವರ್ಷ ಮದ್ದು ಕುಡಿದವಳು ಅವಳೇ. ಬೇರು, ತೊಗಟೆ, ಕಹಿ ಕಷಾಯ, ಹರಕೆಯ ಉಪವಾಸ, ಒಂದನ್ನೂ ಬಿಟ್ಟಿರಲಿಲ್ಲ. ಅವಳಿಂದ ಏನೂ ಆಗದು ಎಂದು ತೀರ್ಮಾನಿಸಿದ ಮೇಲೆ ದುಗ್ಗಮ್ಮ ಸುಳ್ಯದ ಕಡೆಯ ಒಬ್ಬ ಪಂಡಿತರನ್ನು ಹಿಡಿದಳು. ಹೊಲ ಬರಡಾದರೂ ಬೀಜಕ್ಕೆ ಬಲ ಇದ್ದರೆ ಮೊಳಕೆ ಬಂದೀತು ಎಂದು ಅವರು ಅಂದರಂತೆ. ಆ ಮಾತನ್ನು ದುಗ್ಗಮ್ಮ ಸೊಸೆಗೆ ಕೇಳುವಂತೆ ಮೂರು ಸಲ ಹೇಳಿದ್ದಳು. ಮೂರು ಸಲವೂ ಕಮಲಾವತಿಗೆ ಮೈಯೆಲ್ಲ ಉರಿದಿತ್ತು.

ಪಂಡಿತರ ಕಟ್ಟಳೆ ಊಟದಲ್ಲಿ ಮುಗಿಯುವಂಥದ್ದಲ್ಲ. ಧಾತು ಪೋಲಾಗಬಾರದು ಎಂದು ಹಗಲೂ ರಾತ್ರಿ ಬಿಗಿಯಾದ ಲಂಗೋಟಿ. ಮಂಡಲ ಮುಗಿಯುವವರೆಗೆ ಅಚ್ಚುತನಿಗೆ ಜಗಲಿಯಲ್ಲಿ ಚಾಪೆ. ಇನ್ನು ದಿನಾ ಸಂಜೆಯ ಸ್ನಾನ. ಈ ಕಡೆಯ ಮನೆಗಳಲ್ಲಿ ಸುಡುಸುಡು ನೀರಿನ ಸ್ನಾನವಿಲ್ಲದೆ ಯಾರಿಗೂ ದಿನ ಮುಗಿಯುವುದಿಲ್ಲ, ಅದು ಇದ್ದದ್ದೇ. ದುಗ್ಗಮ್ಮ ಅದನ್ನು ಬೆಳಿಗ್ಗೆಯೂ ಶುರುಮಾಡಿದಳು. ಬಚ್ಚಲಲ್ಲಿ ಒಲೆಗೆ ಕೂರಿಸಿದ ತಾಮ್ರದ ಹಂಡೆ ಕೊತಕೊತ ಕುದಿಯಬೇಕು, ಮಗ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು, ಅವಳು ನಿಂತು ಸೊಂಟಕ್ಕೆ ಚೆಂಬು ಚೆಂಬು ನೀರು ಹೊಯ್ಯಬೇಕು. ಮಾರ್ಚ್ ತಿಂಗಳ ಬೇಗೆಯಲ್ಲಿ ಅವನು ಬೆಂದ ಏಡಿಯ ಬಣ್ಣಕ್ಕೆ ತಿರುಗಿ ಹೊರಗೆ ಬರುತ್ತಿದ್ದ. ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುವುದು, ಕಟ್ಟಿಗೆ ಒಡೆದು ಬೆಂಕಿ ಹಾಕುವುದು ಎರಡೂ ಕಮಲಾವತಿಯ ಕೆಲಸ.

ಮೊಟ್ಟೆ ತರುತ್ತಿದ್ದವಳು ಪೇಟೆಯ ಹಿಂದಿನ ಮನೆಯ ಅಲೀಮಮ್ಮ. ಒಂದು ದಿನ ಬುಟ್ಟಿ ಇಳಿಸಿದವಳು ಸುತ್ತ ನೋಡಿ ಕೇಳಿದಳು.

"ಅಲ್ಲ ಮೋಳೆ, ಅಲ್ಲ ಮಗಳೇ, ದಿನಕ್ಕೆ ನಾಲ್ಕು ಮೊಟ್ಟೆ ಯಾರಿಗೆ? ಮನೆಯಲ್ಲಿ ಬಾಣಂತಿ ಇಲ್ಲ, ಎಂತ ಇಲ್ಲ."

ಕಮಲಾವತಿ ಹೇಳಿದಳು. ಜಗಲಿಯ ಚಾಪೆಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅಲೀಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಗಂಡ ಜಗಲಿಯಲ್ಲಿ, ಹೆಂಡತಿ ಒಳಗೆ! ಮಗು ಎಂತ, ಕಿಟಕಿಯಿಂದ ಬರುದಾ?"

"ಕೂಡಿಸಿ ಇಡುದಂತೆ. ಪತ್ತಾಯದಲ್ಲಿ ಭತ್ತ ತುಂಬಿಸಿದ ಹಾಗೆ."

"ಯಾ ರಬ್ಬೇ!" ಅಲೀಮಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ದನಿ ಇಳಿಸಿದಳು. "ನಗುದಲ್ಲ, ಕೇಳು. ನನ್ನ ತಮ್ಮ ಅಲಿ ಕುಂಞಿ ಪುತ್ತೂರಲ್ಲಿ ರೊಟ್ಟಿ ಭಟ್ಟಿಯ ಕೆಲಸಕ್ಕೆ ಇದ್ದ. ದಿನವಿಡೀ ಬೆಂಕಿಯ ಬಾಯಿಯಲ್ಲಿ. ಆರು ವರ್ಷ ಮಕ್ಕಳಿಲ್ಲ. ಅಲ್ಲಿಗೆ ಗುರುವಾರ ಗುರುವಾರ ಮಂಗಳೂರಿಂದ ಒಬ್ಬರು ಡಾಕ್ಟ್ರು ಬರ್ತಾರೆ, ಗಂಡಸರನ್ನೂ ನೋಡ್ತಾರೆ. ಭಟ್ಟಿ ಬಿಡು ಅಂದರು. ಬಿಟ್ಟ, ಗುಜರಿ ಅಂಗಡಿಗೆ ಸೇರಿದ. ಈಗ ಎರಡು ಮಕ್ಕಳು. ನಿನ್ನ ಗಂಡನನ್ನೂ ಒಮ್ಮೆ ಅವರಿಗೆ ತೋರಿಸು."

ಗಂಡಸನ್ನೂ ನೋಡುತ್ತಾರೆ! ಐದು ವರ್ಷದಲ್ಲಿ ಈ ಮಾತು ಹೇಳಿದವರು ಅದೇ ಮೊದಲು. ಇಷ್ಟು ವರ್ಷ ತಾನು ಕುಡಿದ ಕಷಾಯವೆಲ್ಲ ನೆನಪಾಗಿ ಕಮಲಾವತಿಗೆ ಸಿಟ್ಟು ಉಕ್ಕಿ ಬಂತು.

ಗುರುವಾರ ಬೆಳಿಗ್ಗೆ ಅವಳು ಅತ್ತೆಗೆ, "ಪುತ್ತೂರಿಗೆ ಹೋಗಿ ನನ್ನನ್ನು ಡಾಕ್ಟ್ರಿಗೆ ತೋರಿಸಿ ಬರ್ತೇವೆ" ಎಂದಳು. ಸೊಸೆಯನ್ನು ತೋರಿಸುವುದಕ್ಕೆ ದುಗ್ಗಮ್ಮನದ್ದೇನು ತಕರಾರು? "ಹೋಗಿ ಬನ್ನಿ. ನಿನ್ನಿಂದ ಆಗುದಿಲ್ಲ ಅಂತ ಅವರ ಬಾಯಿಂದಲೂ ಒಮ್ಮೆ ಕೇಳಿಸಿಕೋ" ಎಂದಳು.

ಪುತ್ತೂರಿನ ಡಾಕ್ಟ್ರು ನರೆಗೂದಲಿನ ಗಡಸು ಮನುಷ್ಯ. ಕಮಲಾವತಿಯನ್ನು ನರ್ಸಮ್ಮನ ಹತ್ತಿರ ಕಳುಹಿಸಿದರು, ಅಚ್ಚುತನ ಕೈಗೆ ಒಂದು ಸಣ್ಣ ಕುಪ್ಪಿ ಕೊಟ್ಟರು. ಯಾಕೆಂದು ಗೊತ್ತಾದಾಗ ಅವನ ಕಿವಿಯೆಲ್ಲ ಕೆಂಪಾಯಿತು.

"ನನಗಾ? ನನಗೆ ಎಂತ ಇಲ್ಲ ಡಾಕ್ಟ್ರೆ. ನಾನು ಎರಡು ಮುಡಿ ಅಕ್ಕಿ ಹೊರುವವ."

"ಅಕ್ಕಿ ಹೊರುದಕ್ಕೂ ಇದಕ್ಕೂ ಎಂತ ಸಂಬಂಧ ಮಾರಾಯ? ಹೋಗು, ಆ ಕೋಣೆಯಲ್ಲಿ ಚಿಲಕ ಉಂಟು."

ಒಂದು ಗಂಟೆಯ ನಂತರ ಅವರು ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಅಚ್ಚುತನಿಗೆ ಯಂತ್ರದ ಕೊಳವೆಯೊಳಗೆ ಕಣ್ಣಿಟ್ಟು ನೋಡಲು ಹೇಳಿದರು. ಅವನು ನೋಡಿದ. ಸಣ್ಣ ಚುಕ್ಕಿಗಳು, ಅಲ್ಲೊಂದು ಇಲ್ಲೊಂದು. ಒಂದೆರಡು ಮಾತ್ರ ಬಾಲ ಆಡಿಸುತ್ತಿದ್ದವು.

"ಇಷ್ಟೇಯಾ?" ಎಂದ.

"ಇಷ್ಟೇ. ಗಿಜಿಗಿಜಿ ಅನ್ನಬೇಕಿತ್ತು. ವೀರ್ಯದ ಪ್ರಮಾಣವೂ ಕಮ್ಮಿ, ಅದರಲ್ಲಿರುವ ಜೀವಾಣುವೂ ಕಮ್ಮಿ. ಹೆಂಡತಿಯಲ್ಲಿ ನಮಗೆ ಯಾವ ತೊಂದರೆಯೂ ಕಾಣುದಿಲ್ಲ."

ಆಮೇಲೆ ಒಂದೊಂದಾಗಿ ಕೇಳಿದರು. ಬೀಡಿ ಎಷ್ಟು, ಕಳ್ಳು ಎಷ್ಟು, ಊಟ ಎಂತದ್ದು, ಉಡುವುದು ಎಂತದ್ದು. ಸ್ನಾನದ ಕತೆ ಕೇಳಿದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ದಿನಕ್ಕೆ ಎರಡು ಸಲ ಕುದಿನೀರಾ? ಕುಕ್ಕರಗಾಲಲ್ಲಿ ಕೂರಿಸಿ? ಸರಿ ಹೋಯ್ತು. ಗಂಡಸಿಗೆ ಆ ಅಂಗ ದೇವರು ಹೊರಗೆ ಯಾಕೆ ಇಟ್ಟದ್ದು ಹೇಳು. ತಂಪಾಗಿರಲಿ ಅಂತ. ನೀವು ಅದನ್ನು ಲಂಗೋಟಿಯಲ್ಲಿ ಬಿಗಿದು, ಮೇಲಿಂದ ಬೇಯಿಸುದು! ಮೊಟ್ಟೆ, ಹಾಲು, ಉದ್ದು, ನುಗ್ಗೆ ಎಲ್ಲ ಒಳ್ಳೆಯದೇ, ಮೈಗೆ ಹಿಡಿಯುವಷ್ಟು ತಿನ್ನು. ಆದರೆ ತಿಂದದ್ದನ್ನೆಲ್ಲ ಬಚ್ಚಲಲ್ಲಿ ಸುಟ್ಟರೆ ಎಂತ ಪ್ರಯೋಜನ? ತಣ್ಣೀರಲ್ಲಿ ಮೀಯು. ಸಡಿಲ ಪಂಚೆ ಉಡು. ಬೀಡಿ, ಕಳ್ಳು ಬಿಡು. ನೀರು ಚೆನ್ನಾಗಿ ಕುಡಿ. ಕೂಡಿಸಿ ಇಡುದೆಲ್ಲ ಬೇಡ, ಇಟ್ಟದ್ದು ಹಳತಾಗ್ತದೆ. ಹೆಂಡತಿಯ ಹತ್ತಿರ ಮಲಗು. ಹೊಸತು ತಯಾರಾಗಲಿಕ್ಕೆ ಮೂರು ತಿಂಗಳು ಬೇಕು, ಆಮೇಲೆ ಬಾ. ಖಂಡಿತ ಆಗ್ತದೆ ಅಂತ ನಾನು ಹೇಳುದಿಲ್ಲ, ಆಗಬಹುದು."

ಕಡಬದ ಬಸ್ಸು ಅರ್ಧ ದಾರಿ ಬಂದಿತ್ತು. ಅಚ್ಚುತ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ.

"ಕಮಲಾ, ಮನೆಯಲ್ಲಿ ಇದು ಹೇಳಬೇಡ."

"ಯಾಕೆ?"

"ಅವ್ವನಿಗೆ ತಡೆಯಲಿಕ್ಕೆ ಆಗುದಿಲ್ಲ. ಊರಲ್ಲಿ ನಾನು ತಲೆ ಎತ್ತುದು ಹೇಗೆ?"

"ಐದು ವರ್ಷದಿಂದ ನಾನು ಎತ್ತಿದ್ದು ಹೇಗೆ?"

ಅವನು ಕಣ್ಣು ತುಂಬಿಕೊಂಡ. ಕೆಟ್ಟ ಮನುಷ್ಯನಲ್ಲ, ಹೆದರುಪುಕ್ಕಲ, ಅಷ್ಟೇ. ಕಮಲಾವತಿಗೆ ಅವನ ಮೇಲೆ ಪ್ರೀತಿ ಇತ್ತು, ಆ ಹೊತ್ತು ಅದಕ್ಕಿಂತ ಕೋಪವೇ ಜಾಸ್ತಿ ಇತ್ತು.

"ಆಯ್ತು. ನನ್ನ ಬಾಯಿಂದ ಬರುದಿಲ್ಲ, ಮಾತು ಕೊಟ್ಟೆ. ಆದರೆ ನನ್ನ ಕೈಯಿಂದ ಇನ್ನು ಬಚ್ಚಲಿಗೆ ಬೆಂಕಿಯೂ ಬೀಳುದಿಲ್ಲ. ಮೂರು ತಿಂಗಳು ನೀವು ತಣ್ಣೀರಲ್ಲೇ ಮೀಯುದು. ಒಪ್ಪಿಗೆ ಉಂಟಾ?"

"ಉಂಟು" ಎಂದ ಅಚ್ಚುತ. ಆಗ ಏನು ಕೇಳಿದ್ದರೂ ಒಪ್ಪುತ್ತಿದ್ದ.

ಆ ದಿನವೇ ಸಂಜೆ ದುಗ್ಗಮ್ಮ ಹಂಡೆಗೆ ಕೈಯದ್ದಿ ನೋಡಿದರೆ ನೀರು ತಣ್ಣಗೆ.

"ಏ ಕಮಲಾ! ಬೆಂಕಿ ಎಲ್ಲಿ?"

"ಹಾಕಲಿಲ್ಲ ಅತ್ತೆ."

"ಯಾಕೆ, ಕಟ್ಟಿಗೆ ಇಲ್ಲವಾ?"

"ಉಂಟು. ನಾನು ಹಾಕುದಿಲ್ಲ."

ದುಗ್ಗಮ್ಮನ ಕೂಗು ಮೂರು ಮನೆಗೆ ಕೇಳಿತು. "ಕೇಳಿದಿರಾ ಇವಳ ಮಾತು? ಮಕ್ಕಳ ಭಾಗ್ಯ ಅಂತೂ ಕೊಡಲಿಲ್ಲ, ಗಂಡನಿಗೆ ಒಂದು ಹಂಡೆ ನೀರಿಗೂ ಗತಿ ಇಲ್ಲದ ಹಾಗೆ ಮಾಡಿದಳು! ಡಾಕ್ಟ್ರು ಎಂತ ಹೇಳಿದ್ದು ನಿನಗೆ?"

"ನನಗೆ ಹೇಳಿದ್ದು ನನಗೆ ಗೊತ್ತುಂಟು" ಎಂದು ಕಮಲಾವತಿ ಒಳಗೆ ಹೋಗಿ ಅನ್ನ ಬಸಿದಳು. ಮಾವ ಜತ್ತಪ್ಪನಿಗೆ ಸೊಂಟನೋವು. ಅವರಿಗೆ ಬೇಕಾದಷ್ಟು ನೀರನ್ನು ಅಡಿಗೆ ಒಲೆಯಲ್ಲೇ ಒಂದು ಪಾತ್ರೆಯಲ್ಲಿ ಕಾಯಿಸಿ ತಂದಿಟ್ಟಳು. ಜತ್ತಪ್ಪ ಪಾತ್ರೆ ನೋಡಿದರು, ಸೊಸೆಯನ್ನು ನೋಡಿದರು, ಸ್ನಾನಕ್ಕೆ ಹೋದರು.

ಮೂರನೆಯ ದಿನ ದುಗ್ಗಮ್ಮ ತಾನೇ ನೀರು ಸೇದಿ ಹಂಡೆ ತುಂಬಿಸಿ ಬೆಂಕಿ ಹಾಕಿದಳು. ಅರವತ್ತರ ಮೈ, ಏದುಸಿರು ಬಂತು. "ಬಾ ಮಗಾ" ಎಂದು ಕರೆಯುವಾಗ ಮಗ ಹೆಗಲಿಗೆ ಬೈರಾಸು ಹಾಕಿಕೊಂಡು ಹೊಳೆಯ ದಾರಿ ಹಿಡಿದಿದ್ದ. ಜಗಲಿಯ ಚಾಪೆಯೂ ಆ ವಾರವೇ ಒಳಗೆ ಹೋಯಿತು. "ಮಂಡಲ ಮುಗಿಯಲಿಲ್ಲ!" ಎಂದು ದುಗ್ಗಮ್ಮ ಕೂಗಿದಳು. "ಅವ್ವ, ಜಗಲಿಯಲ್ಲಿ ಸೊಳ್ಳೆ" ಎಂದ ಅಚ್ಚುತ. ಸೊಸೆ ಮಗನಿಗೆ ಮದ್ದು ಹಾಕಿದ್ದಾಳೆ ಎಂದು ದುಗ್ಗಮ್ಮ ನೆರೆಮನೆಗೆಲ್ಲ ಹೇಳಿಕೊಂಡು ಬಂದಳು.

ಇಷ್ಟಾಗಿಯೂ ಎರಡು ವಾರ ಕಳೆಯುವಾಗ ಅಚ್ಚುತ ಸಿಕ್ಕಿಬಿದ್ದ. ಸಂಜೆ ಮನೆಗೆ ಬಂದವನ ಬೆನ್ನು ಕೆಂಪಗೆ ಹೊಳೆಯುತ್ತಿತ್ತು.

"ಹೊಳೆಯ ನೀರು ಕುದಿಯುತ್ತಿತ್ತಾ ಇವತ್ತು?" ಎಂದು ಕಮಲಾವತಿ ಕೇಳಿದಳು.

ಅವನು ತಲೆ ಕೆರೆದುಕೊಂಡ. "ನನ್ನ ಜೊತೆ ಗಾಡಿ ಹೊಡೆಯುವ ಗುರುವಪ್ಪ ಇದ್ದಾನಲ್ಲ, ಅವನ ಮನೆಗೆ ಹೋಗಿದ್ದೆ. ಒತ್ತಾಯ ಮಾಡಿದ. ಗಾಡಿ ಹೊಡೆದು ಮೈಯೆಲ್ಲ ನೋವು ಮಾರಾಯ್ತಿ, ಒಂದೇ ಒಂದು ಸಲ..."

"ಎಷ್ಟು ಸಲ?"

"ನಾಲ್ಕು."

ಕಮಲಾವತಿ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಬಡಿದಳು. "ನಾನು ದಿನಾ ಬೈಗಳು ತಿನ್ನುದು ನಿಮ್ಮ ಹೆಸರಲ್ಲಿ. ನಿಮಗೆ ನಾಲ್ಕು ಚೆಂಬು ಬಿಸಿನೀರು ಬಿಡಲಿಕ್ಕೆ ಆಗುದಿಲ್ಲ! ನಾಳೆಯಿಂದ ಇನ್ನೊಮ್ಮೆ ಮೊದಲಿಂದ ಎಣಿಸುದು, ಮೂರು ತಿಂಗಳು. ಮತ್ತೆ ಗುರುವಪ್ಪನ ಬಚ್ಚಲಿಗೆ ಕಾಲಿಟ್ಟರೆ ಅಲ್ಲಿಯೇ ಇದ್ದುಬಿಡಿ."

ಆಮೇಲೆ ಅವನು ಹೋಗಲಿಲ್ಲ. ಬೀಡಿ ಕಟ್ಟನ್ನು ಎತ್ತಿನ ಕೊಟ್ಟಿಗೆಯ ಗೊಬ್ಬರಕ್ಕೆ ಎಸೆದದ್ದನ್ನು ಅವಳು ಕಣ್ಣಾರೆ ಕಂಡಳು.

ಸೊಸೆಯ ಸೊಕ್ಕು ಇಳಿಸಲು ದುಗ್ಗಮ್ಮನಿಗೆ ಒಂದೇ ದಾರಿ ಉಳಿದಿತ್ತು. ಕೊಲ್ಲಮೊಗ್ರಿನಲ್ಲಿ ಅವಳ ತಮ್ಮ ತ್ಯಾಂಪಣ್ಣನಿಗೆ ಸೇವಂತಿ ಎಂಬ ಮಗಳಿದ್ದಳು. ಸೋದರಮಾವನ ಮಗಳು, ಮೊದಲಿಂದ ಅಚ್ಚುತನಿಗೇ ಎಂದುಕೊಂಡಿದ್ದವಳು. ದುಗ್ಗಮ್ಮ ತಮ್ಮನಿಗೆ ಹೇಳಿ ಕಳುಹಿಸಿದಳು.

"ಈಗ ಕಾನೂನು ಬಂದಿದೆ. ಒಬ್ಬಳು ಇರುವಾಗ ಇನ್ನೊಬ್ಬಳನ್ನು ತರುವ ಹಾಗಿಲ್ಲ" ಎಂದರು ಜತ್ತಪ್ಪ.

"ಅವಳು ತಾನಾಗಿ ಹೋದರೆ ಕಾನೂನಿಗೆ ಎಂತ ಕೆಲಸ? ಬರೆದು ಕೊಟ್ಟು ಹೋಗಲಿ."

ಮೇ ತಿಂಗಳ ಒಂದು ಸಂಜೆ ತ್ಯಾಂಪಣ್ಣ ಬಂದ. ದುಗ್ಗಮ್ಮ ಬೆಲ್ಲ ನೀರು ಕೊಟ್ಟಳು, ಕೋಳಿ ಕೊಯ್ಯಿಸಿದಳು, ತಾನೇ ಬಚ್ಚಲಿಗೆ ಬೆಂಕಿ ಹಾಕಿದಳು. ತಮ್ಮ ಕಿಸೆಯಿಂದ ಕಾಗದ ತೆಗೆದು ಜಗಲಿಯಲ್ಲಿ ಬಿಡಿಸಿದ. ಸುಳ್ಯದಲ್ಲಿ ಬರೆಯಿಸಿ ತಂದದ್ದು.

"ಇಲ್ಲಿ ಬಾ ತಂಗಿ. ಜಗಳ ಬೇಡ, ಗದ್ದಲ ಬೇಡ. ಕೆಳಗೆ ಒಂದು ಸಹಿ ಹಾಕು. ನಿನ್ನ ಅಪ್ಪನ ಮನೆಗೆ ನಾನೇ ಮುಟ್ಟಿಸ್ತೇನೆ."

ಕಮಲಾವತಿ ಐದನೆಯ ಕ್ಲಾಸು ಓದಿದವಳು. ಕಾಗದ ತೆಗೆದುಕೊಂಡು, ನಿಂತಲ್ಲೇ, ಎಲ್ಲರಿಗೂ ಕೇಳುವ ಹಾಗೆ ಓದಿದಳು. "'ಕಮಲಾವತಿ ಎಂಬ ನಾನು, ನನ್ನ ದೇಹದೋಷದಿಂದ ಸಂತಾನವಾಗದ ಕಾರಣ, ಸ್ವಸಂತೋಷದಿಂದ ತವರಿಗೆ ಹೋಗುವುದಾಗಿ ಒಪ್ಪಿ ಬರೆದುಕೊಟ್ಟ ಪತ್ರ.'"

ಓದಿ ಮುಗಿಸಿ ಅವಳು ತಲೆ ಎತ್ತಿದಳು.

"ಇದರಲ್ಲಿ ಎರಡು ಸುಳ್ಳು ಉಂಟು. ಸಂತೋಷ ಅಂತ ಬರೆದದ್ದು ಒಂದು. ಇನ್ನೊಂದು ಯಾವುದು ಅಂತ ನಾನು ಹೇಳುದಿಲ್ಲ, ಮಾತು ಕೊಟ್ಟಿದ್ದೇನೆ. ಅದು ಇವರೇ ಹೇಳಬೇಕು." ಅವಳು ಗಂಡನ ಕಡೆ ತಿರುಗಿದಳು. "ಸರಿಯಾಗಿಯೇ ಬರೆದಿದ್ದಾರೆ ಅಂತ ನೀವು ಒಂದು ಮಾತು ಹೇಳಿ. ಈಗಲೇ ಸಹಿ ಹಾಕಿ ಹೋಗ್ತೇನೆ."

ಅಚ್ಚುತ ಜಗಲಿಯ ಕಂಬ ಹಿಡಿದು ನಿಂತಿದ್ದ. ತಾಯಿಯನ್ನು ನೋಡಿದ, ಮಾವನನ್ನು ನೋಡಿದ. ಎಲ್ಲಿಗಾದರೂ ಓಡಿಹೋಗುವ ಹಾಗಿತ್ತು ಅವನ ಮುಖ.

"ಅದೆಂತ ನೋಡುದು, ಹೇಳು ಮಗಾ" ಎಂದಳು ದುಗ್ಗಮ್ಮ. "ಹೇಳಿ ಬಾ, ನೀರು ಕುದಿತಾ ಉಂಟು."

"ನನಗೆ ಬಿಸಿನೀರು ಬೇಡ ಅವ್ವ."

"ಮತ್ತೆ ಶುರು ಮಾಡಿದೆಯಾ?"

"ಬೇಡ ಅಂದೆನಲ್ಲ!" ಅಚ್ಚುತನ ದನಿ ಒಡೆಯಿತು. ತಾಯಿಯ ಎದುರು ಅವನು ಹಾಗೆ ಕಿರುಚಿದ್ದು ಹುಟ್ಟಿದ ಮೇಲೆ ಅದೇ ಮೊದಲು. "ಪುತ್ತೂರಲ್ಲಿ ಡಾಕ್ಟ್ರು ನನ್ನನ್ನೂ ಪರೀಕ್ಷೆ ಮಾಡಿದ್ದಾರೆ. ಅವಳಿಗೆ ಎಂತ ತೊಂದರೆ ಇಲ್ಲ. ಇರುದು ನನಗೆ. ವೀರ್ಯ ಕಮ್ಮಿ. ಆ ಹಂಡೆಯ ನೀರು, ಆ ಲಂಗೋಟಿ ಎಲ್ಲ ಇನ್ನೂ ಕೆಡಿಸಿದ್ದು ಅಂತೆ. ನಾನೇ ಹೇಳಬೇಡ ಅಂದದ್ದು. ನಾಚಿಕೆಯಾಯ್ತು ನನಗೆ."

ಮೊದಲು ಎದ್ದವನು ತ್ಯಾಂಪಣ್ಣ. ಕಾಗದವನ್ನು ಕಮಲಾವತಿಯ ಕೈಯಿಂದ ತೆಗೆದು ಮಡಚಿದ.

"ಇಂಥದ್ದಕ್ಕೆ ನನ್ನ ಮಗಳು ಬೇಕಿತ್ತಾ ಅಕ್ಕ ನಿನಗೆ? ಐದು ವರ್ಷ ಕಳೆದರೆ ಅವಳ ಕೈಯಿಂದಲೂ ಒಂದು ಕಾಗದ ಬರೆಯಿಸ್ತಿದ್ದೆಯಾ?" ಎಂದವನು ಚಪ್ಪಲಿ ಹಾಕಿಕೊಂಡು ನಡೆದೇಬಿಟ್ಟ. ಕೋಳಿ ಸಾರು ಒಲೆಯ ಮೇಲೆ ಹಾಗೇ ಇತ್ತು.

ದುಗ್ಗಮ್ಮ ಜಗಲಿಯ ಅಂಚಿಗೆ ಕುಸಿದು ಕೂತಳು. ಸ್ವಲ್ಪ ಹೊತ್ತು ಅತ್ತಳು. ತಾನೇ ಕೈಯಾರೆ ಹೊಯ್ದ ನೀರು, ತಾನೇ ಎದುರು ಕೂತು ತಿನ್ನಿಸಿದ ಉಂಡೆ, ಎಲ್ಲ ಹೇಳಿ ಅತ್ತಳು. ಕಮಲಾವತಿಗೆ ಪಾಪ ಅನ್ನಿಸಿತು. ಒಳಗಿನಿಂದ ನೀರು ತಂದುಕೊಟ್ಟಳು. ದುಗ್ಗಮ್ಮ ಕುಡಿದು, ಮುಖ ಒರೆಸಿಕೊಂಡು, ಗಂಡನಿಗೂ ಮಗನಿಗೂ ದನಿ ತಗ್ಗಿಸಿ ಹೇಳಿದಳು.

"ಆದದ್ದು ಆಯ್ತು. ತ್ಯಾಂಪನ ಬಾಯಿ ನಾನು ಕಟ್ಟುತ್ತೇನೆ. ಈ ಮಾತು ಮೆಟ್ಟಿಲು ಇಳಿಯುದು ಬೇಡ. ಊರವರಿಗೆ ಕಮಲನದ್ದೇ ಅಂತ ಇರಲಿ. ಹೇಗೂ ಎಲ್ಲರಿಗೂ ಹೇಳಿ ಆಗಿದೆ. ಅವಳಿಗೂ ಅಭ್ಯಾಸ ಆಗಿದೆ."

ಕಮಲಾವತಿ ಖಾಲಿ ಲೋಟ ಹಿಡಿದುಕೊಂಡು ಅತ್ತೆಯನ್ನೇ ನೋಡಿದಳು. ಅಭ್ಯಾಸವಂತೆ! ಲೋಟವನ್ನು ಜಗಲಿಯ ಮೇಲಿಟ್ಟು ಮೆಟ್ಟಿಲು ಇಳಿದಳು, ಅಂಗಳ ದಾಟಿದಳು, ಬೇಲಿಯ ದಣಪೆ ಬಾಗಿಲ ಹತ್ತಿರ ನಿಂತಳು. ಹೊರಗಿನ ದಾರಿಯಲ್ಲಿ ಆಚೆಮನೆಯ ತಿಮ್ಮಕ್ಕ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದಳು. ಬಾಯಿ ಜೋರಿನ ಹೆಂಗಸು. ಅವಳಿಗೆ ಗೊತ್ತಾದದ್ದು ಊರಿಗೆಲ್ಲ ಗೊತ್ತಾಗುತ್ತಿತ್ತು.

"ತಿಮ್ಮಕ್ಕಾ, ಸ್ವಲ್ಪ ನಿಲ್ಲಿ. ನಮ್ಮ ಮನೆಯವರಿಗೆ ನಿಮ್ಮ ಹತ್ತಿರ ಒಂದು ಮಾತು ಹೇಳಲಿಕ್ಕೆ ಉಂಟು."

"ಏ ಕಮಲಾ! ಬಾ ಇಲ್ಲಿ!" ದುಗ್ಗಮ್ಮ ಎದ್ದು ನಿಂತಳು.

ಕಮಲಾವತಿ ತಿರುಗಿ ಗಂಡನನ್ನು ಕರೆದಳು. "ಬನ್ನಿ. ಒಳಗೆ ಹೇಳಿದ್ದನ್ನು ಇಲ್ಲಿ ಹೇಳಿ. ಐದು ವರ್ಷ ನನ್ನ ಹೆಸರು ಈ ದಣಪೆಯಲ್ಲೇ ಹರಾಜಾದದ್ದು. ಆಗ ಈ ಮನೆಯ ಮರ್ಯಾದೆ ಯಾರಿಗೂ ನೆನಪಾಗಲಿಲ್ಲ."

ಅಚ್ಚುತ ಕಂಬ ಬಿಟ್ಟ. ದುಗ್ಗಮ್ಮ ಅವನ ಕೈ ಹಿಡಿದಳು. ಜತ್ತಪ್ಪ, "ಬಿಡು ಅವನನ್ನು" ಎಂದರು. ಅವನು ಅಂಗಳದ ನಡುವೆ ಒಮ್ಮೆ ನಿಂತ, ಮತ್ತೆ ನಡೆದ, ಹೆಂಡತಿಯ ಪಕ್ಕಕ್ಕೆ ಬಂದು ನಿಂತ.

"ತಿಮ್ಮಕ್ಕ, ನಮಗೆ ಮಕ್ಕಳಾಗದ್ದು ಇವಳಿಂದ ಅಲ್ಲ. ಡಾಕ್ಟ್ರು ನೋಡಿ ಹೇಳಿದ್ದು. ಕಮ್ಮಿ ಇರುದು ನನ್ನಲ್ಲಿ."

ತಿಮ್ಮಕ್ಕ ಹೊರೆಯ ಕೆಳಗಿನಿಂದ ಅವನನ್ನು ನೋಡಿದಳು. "ಗಂಡಸರಿಗೂ ಹಾಗೆ ಇರ್ತದಾ?"

"ಇರ್ತದೆ. ನನಗೆ ಉಂಟು" ಎಂದ ಅಚ್ಚುತ. ಈ ಸಲ ದನಿ ಒಡೆಯಲಿಲ್ಲ.

ನಗುತ್ತಾಳೆ ಎಂದುಕೊಂಡಿದ್ದರು. ತಿಮ್ಮಕ್ಕ ನಗಲಿಲ್ಲ. ಹೊರೆಯನ್ನು ದಾರಿಯ ಮೇಲೆ ಇಳಿಸಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಗುಂಡ್ಯದ ಹತ್ತಿರಕ್ಕೆ ಕೊಟ್ಟ ಅವಳ ಮಗಳು ಕಳೆದ ತಿಂಗಳು ಬಟ್ಟೆ ಗಂಟಿನೊಂದಿಗೆ ತವರಿಗೆ ಬಂದಿದ್ದಳು. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ, ತಿರುಗಿ ಬರಬೇಡ ಎಂದು ಗಂಡನ ಮನೆಯವರು ಕಳುಹಿಸಿದ್ದರು. ಊರೆಲ್ಲ ಮಾತಾಡುವ ತಿಮ್ಮಕ್ಕ ಆ ಒಂದು ವಿಷಯವನ್ನು ಯಾರಲ್ಲಿಯೂ ಆಡಿರಲಿಲ್ಲ.

ಅವಳು ದಣಪೆಗೆ ಹತ್ತಿರ ಬಂದಳು.

"ಕಮಲಾ, ಆ ಡಾಕ್ಟ್ರು ಎಲ್ಲಿ, ಯಾವಾಗ ಸಿಗುದು? ನನ್ನ ಅಳಿಯನನ್ನು ಒಮ್ಮೆ ಕರ್ಕೊಂಡು ಹೋಗಬೇಕಿತ್ತು."

"ಪುತ್ತೂರಲ್ಲಿ. ಗುರುವಾರ ಹೋಗಿ ತಿಮ್ಮಕ್ಕ" ಎಂದಳು ಕಮಲಾವತಿ, ಜಗಲಿಯವರೆಗೂ ಕೇಳುವ ಹಾಗೆ. "ಅಳಿಯ ಬರುದಿಲ್ಲ ಅಂದರೆ ಇವರನ್ನು ಕಳುಹಿಸ್ತೇನೆ, ಎಳೆದುಕೊಂಡು ಬರ್ತಾರೆ."